ಗಿಂಪ್‌ನಲ್ಲಿ ಗ್ರೇಡಿಯಂಟ್‌ಗಳಿಗೆ ಹೆಸರಿಟ್ಟು ಜೋಡಿಸುವುದು: ಮಲೆನಾಡಿನ ಡಿಸೈನರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಜಾತ್ರೆಯ ಫ್ಲೆಕ್ಸ್ ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಹೋದ ಸಲದ ಬ್ಯಾನರ್‌ಗೆ ಹಾಕಿದ್ದ ಕುಂಕುಮ-ಅರಿಶಿನದ ಗ್ರೇಡಿಯಂಟ್ (ಒಂದು ಬಣ್ಣ ಇನ್ನೊಂದಕ್ಕೆ ಮೆಲ್ಲನೆ ಕರಗುವ ಬೆರಕೆ) ಇದೇ ಕಂಪ್ಯೂಟರಿನಲ್ಲಿದೆ. ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್ ತೆರೆದು ಪಟ್ಟಿ ನೋಡಿದರೆ ‘ಅನ್‌ಟೈಟಲ್ಡ್’, ‘ಅನ್‌ಟೈಟಲ್ಡ್ #1’, ‘ಅನ್‌ಟೈಟಲ್ಡ್ ಕಾಪಿ’, ‘ಅನ್‌ಟೈಟಲ್ಡ್ ಕಾಪಿ #4’. ಒಂದೊಂದನ್ನೇ ಒತ್ತಿ ನೋಡುವಷ್ಟರಲ್ಲಿ ಹೊಸದನ್ನೇ ಮಾಡಿಬಿಡಬಹುದು. ಎಲ್ಲರೂ ಮಾಡುವುದೂ ಅದನ್ನೇ, ಪಟ್ಟಿ ಇನ್ನೊಂದು ಸಾಲು ಬೆಳೆಯುವುದೂ ಹಾಗೆಯೇ.

ಈ ಮಾರ್ಗದರ್ಶಿ ಗಿಂಪ್ 2.10ನ್ನು ಮುಂದಿಟ್ಟುಕೊಂಡು ಬರೆದದ್ದು. 2025ರ ಮಾರ್ಚ್‌ನಲ್ಲಿ ಬಂದ 3.0ರಲ್ಲೂ ಮುಖ್ಯ ಹಂತಗಳು ಇವೇ. ಮೆನುಗಳ ಹೆಸರನ್ನು ಇಂಗ್ಲಿಷ್ ಆವೃತ್ತಿಯಲ್ಲಿ ಕಾಣುವ ಹಾಗೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಹೆಚ್ಚಿನವರು ಬಳಸುವುದು ಆ ಆವೃತ್ತಿಯನ್ನೇ.

ಒಂದು ಗ್ರೇಡಿಯಂಟ್, ಎರಡು ಹೆಸರು

ಹೆಸರಿನ ಗೊಂದಲಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಇಲ್ಲಿ. ನೀವು ಮಾಡಿದ ಪ್ರತಿ ಗ್ರೇಡಿಯಂಟ್ ಡಿಸ್ಕ್‌ನಲ್ಲಿ ಒಂದೊಂದು ಪುಟ್ಟ ಫೈಲಾಗಿ ಕೂರುತ್ತದೆ. ಅದರ ಎಕ್ಸ್‌ಟೆನ್ಶನ್ ಜಿಜಿಆರ್. ಫೈಲಿಗೆ ಹೊರಗೊಂದು ಹೆಸರು, ಫೈಲಿನ ಎರಡನೇ ಸಾಲಿನಲ್ಲಿ ಒಳಗೊಂದು ಹೆಸರು. ಗಿಂಪ್‌ನ ಪಟ್ಟಿಯಲ್ಲಿ ಕಾಣುವುದು ಒಳಗಿನ ಹೆಸರು ಮಾತ್ರ.

ಮೊದಲ ಸಲ ಸೇವ್ ಆಗುವಾಗ ಒಳಗಿನ ಹೆಸರನ್ನು ನೋಡಿಕೊಂಡು ಗಿಂಪ್ ತಾನೇ ಫೈಲಿಗೂ ಹೆಸರಿಡುತ್ತದೆ. ಖಾಲಿ ಜಾಗ, ಸ್ಲ್ಯಾಶ್, ಕೋಲನ್, ಉದ್ಧರಣ ಚಿಹ್ನೆಗಳಿದ್ದಲ್ಲಿ ಅಡ್ಡಗೆರೆ ಹಾಕುತ್ತದೆ. ‘ಜೋಗ ಮಂಜು’ ಎಂದಿಟ್ಟರೆ ಫೈಲ್ ‘ಜೋಗ-ಮಂಜು’ ಆಗುತ್ತದೆ. ಆಮೇಲೆ ಗಿಂಪ್‌ನಲ್ಲಿ ಎಷ್ಟು ಸಲ ಹೆಸರು ಬದಲಿಸಿದರೂ ಫೈಲಿನ ಹೆಸರು ಹಳೆಯದೇ ಉಳಿಯುತ್ತದೆ. ಪಟ್ಟಿಯಲ್ಲಿ ‘ಸಂಜೆ ಆಗುಂಬೆ’, ಫೋಲ್ಡರಿನಲ್ಲಿ ‘ಅನ್‌ಟೈಟಲ್ಡ್’. ಅದೇ ರೀತಿ ಫೈಲ್ ಮ್ಯಾನೇಜರಿನಲ್ಲಿ ಫೈಲಿನ ಹೆಸರು ಬದಲಿಸಿ ಗಿಂಪ್ ತೆರೆದರೆ ಪಟ್ಟಿ ಕದಲುವುದಿಲ್ಲ, ಏಕೆಂದರೆ ಒಳಗಿನ ಸಾಲು ಹಾಗೇ ಇದೆ.

ಆದ್ದರಿಂದ ಹೊಸ ಗ್ರೇಡಿಯಂಟ್ ಮಾಡುವಾಗ ಮೊದಲು ಹೆಸರು, ಆಮೇಲೆ ಬಣ್ಣ. ಈ ಒಂದು ಅಭ್ಯಾಸವಾದರೆ ಎರಡೂ ಹೆಸರು ಹುಟ್ಟುವಾಗಲೇ ಹೊಂದಿಕೊಳ್ಳುತ್ತವೆ.

ಫೋಲ್ಡರ್ ಹುಡುಕುವುದು

ಎಡಿಟ್ → ಪ್ರಿಫರೆನ್ಸಸ್ → ಫೋಲ್ಡರ್ಸ್ → ಗ್ರೇಡಿಯಂಟ್ಸ್. ಅಲ್ಲಿ ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ: ಒಂದು ನಿಮ್ಮದು, ಇನ್ನೊಂದು ಗಿಂಪ್‌ನ ಜೊತೆಗೇ ಬಂದದ್ದು. ವಿಂಡೋಸ್‌ನಲ್ಲಿ ನಿಮ್ಮದು ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನೊಳಗೆ ಆ್ಯಪ್‌ಡೇಟಾ, ರೋಮಿಂಗ್, ಗಿಂಪ್, 2.10, ಗ್ರೇಡಿಯಂಟ್ಸ್ ಎಂಬ ದಾರಿಯಲ್ಲಿ ಇರುತ್ತದೆ. ಆ್ಯಪ್‌ಡೇಟಾ ಅಡಗಿದ ಫೋಲ್ಡರ್. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿದರೆ ಮಾತ್ರ ಕಾಣುತ್ತದೆ. ಲಿನಕ್ಸ್‌ನಲ್ಲಿ ಹೋಮ್ ಒಳಗಿನ ಅಡಗಿದ ಕಾನ್ಫಿಗ್ ಫೋಲ್ಡರಿನಲ್ಲಿದೆ. ಇದಕ್ಕಿಂತ ಹತ್ತಿರದ ದಾರಿಯೂ ಉಂಟು: ನೀವೇ ಮಾಡಿದ ಯಾವುದಾದರೂ ಗ್ರೇಡಿಯಂಟ್ ಮೇಲೆ ಬಲ ಕ್ಲಿಕ್ ಮಾಡಿ ‘ಶೋ ಇನ್ ಫೈಲ್ ಮ್ಯಾನೇಜರ್’ ಒತ್ತಿ. ಫೋಲ್ಡರ್ ತೆರೆದು ನಿಲ್ಲುತ್ತದೆ.

ಎಲ್ಲಿಂದಲೋ ಇಳಿಸಿಕೊಂಡ ಜಿಜಿಆರ್ ಫೈಲುಗಳನ್ನು ಪ್ರೋಗ್ರಾಂ ಫೈಲ್ಸ್ ಒಳಗಿನ ಗಿಂಪ್‌ನ ಸ್ವಂತ ಫೋಲ್ಡರಿಗೆ ಸುರಿಯಬೇಡಿ. ಪಟ್ಟಿಗೆ ಬರುತ್ತವೆ, ಆದರೆ ಹೆಸರು ಬದಲಿಸಲು ಬಿಡುವುದಿಲ್ಲ. ಆ ಜಾಗಕ್ಕೆ ಗಿಂಪ್ ಬರೆಯುವುದೇ ಇಲ್ಲ.

ಗಿಂಪ್ ಒಳಗೆ ಹೆಸರು ಬದಲಿಸುವ ಹಂತಗಳು

1. ವಿಂಡೋಸ್ → ಡಾಕಬಲ್ ಡೈಲಾಗ್ಸ್ → ಗ್ರೇಡಿಯಂಟ್ಸ್ ತೆರೆಯಿರಿ. ಕೀಲಿಮಣೆಯಲ್ಲಿ ಕಂಟ್ರೋಲ್ ಮತ್ತು ಜಿ.

2. ಡೈಲಾಗ್‌ನ ಮೂಲೆಯ ಪುಟ್ಟ ಬಾಣದ ಮೆನುವಿನಲ್ಲಿ ‘ವ್ಯೂ ಆ್ಯಸ್ ಲಿಸ್ಟ್’ ಆರಿಸಿ. ಗ್ರಿಡ್ ನೋಟದಲ್ಲಿ ಪ್ರತಿಯೊಂದರ ಪಕ್ಕ ಹೆಸರು ಕಾಣುವುದಿಲ್ಲ. ಅದೇ ಮೆನುವಿನ ಪ್ರಿವ್ಯೂ ಸೈಜ್‌ನಲ್ಲಿ ಮೀಡಿಯಂ ಅಥವಾ ಲಾರ್ಜ್ ಇಟ್ಟುಕೊಳ್ಳಿ. ಸ್ಮಾಲ್‌ನಲ್ಲಿ ಮಂಜಿನ ಬಿಳಿಗೂ ಅನ್ನದ ಬಿಳಿಗೂ ವ್ಯತ್ಯಾಸ ತಿಳಿಯದು.

3. ಹೆಸರಿನ ಅಕ್ಷರಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಬಣ್ಣದ ಪಟ್ಟಿಯ ಮೇಲಲ್ಲ. ಬಣ್ಣದ ಮೇಲೆ ಎರಡು ಸಲ ಒತ್ತಿದರೆ ಗ್ರೇಡಿಯಂಟ್ ಎಡಿಟರ್ ತೆರೆಯುತ್ತದೆ. ಹಾಗೆ ತೆರೆದುಕೊಂಡರೂ ತೊಂದರೆಯಿಲ್ಲ, ಎಡಿಟರ್‌ನ ತಲೆಯ ಮೇಲಿರುವ ಹೆಸರಿನ ಪೆಟ್ಟಿಗೆಯಲ್ಲೂ ಬದಲಿಸಬಹುದು.

4. ಹೊಸ ಹೆಸರು ಬರೆದು ಎಂಟರ್ ಒತ್ತಿ. ಎಂಟರ್ ಒತ್ತದೆ ಬೇರೆಡೆ ಕ್ಲಿಕ್ ಮಾಡಿ ಎದ್ದುಹೋಗುವ ಅಭ್ಯಾಸ ಬೇಡ.

5. ಎಡಿಟರ್ ತೆರೆದಿದ್ದರೆ ಅದರ ಕೆಳಗಿನ ಸೇವ್ ಬಟನ್ ಒತ್ತಿ. ಆಗಲೇ ಫೈಲಿಗೆ ಬರೆಯುತ್ತದೆ.

ಹೆಸರು ಬದಲಿಸಲು ಬಿಡದಿದ್ದರೆ ಅದು ಗಿಂಪ್‌ನ ಜೊತೆಗೆ ಬಂದ ಗ್ರೇಡಿಯಂಟ್. ಡೈಲಾಗ್‌ನ ಕೆಳಗಿರುವ ಡುಪ್ಲಿಕೇಟ್ ಬಟನ್ ಒತ್ತಿ, ಬಂದ ಪ್ರತಿಗೆ ಹೆಸರಿಡಿ. ‘ಕಾಪಿ’ ಎಂಬ ಬಾಲವನ್ನು ಆ ಕ್ಷಣವೇ ತೆಗೆಯಿರಿ. ಈಗಾಗಲೇ ಇರುವ ಹೆಸರನ್ನೇ ಮತ್ತೊಂದಕ್ಕೂ ಇಟ್ಟರೆ 2.10 ದೂರು ಹೇಳುವುದಿಲ್ಲ, ಸುಮ್ಮನೆ ‘#1’ ಅಂಟಿಸುತ್ತದೆ. ಹಾಗಾಗಿ ಪಟ್ಟಿಯಲ್ಲಿ ಎಲ್ಲೇ ‘#’ ಕಂಡರೂ ಅಲ್ಲಿ ಯಾರೋ ನೋಡದೆ ಹೆಸರಿಟ್ಟಿದ್ದಾರೆ ಎಂದು ತಿಳಿಯಿರಿ.

ಡಿಲೀಟ್ ಬಟನ್ ಬಗ್ಗೆ ಒಂದೇ ಮಾತು. ಅದು ಪಟ್ಟಿಯಿಂದ ಮಾತ್ರವಲ್ಲ, ಡಿಸ್ಕ್‌ನಿಂದಲೂ ಅಳಿಸುತ್ತದೆ. ಅನ್‌ಡೂ ಇಲ್ಲ. ಬೇಡವೆನಿಸಿದ್ದನ್ನು ಅಳಿಸುವ ಬದಲು ಫೈಲನ್ನೇ ಕತ್ತರಿಸಿ ಬೇರೆ ಫೋಲ್ಡರಿಗೆ ಸರಿಸಿಡುವುದು ಜಾಣತನ.

‘ಕಸ್ಟಮ್’ ಎಂಬ ಹೆಸರಿಗೆ ಮೋಸ ಹೋಗಬೇಡಿ

2.10ರಿಂದ ಗ್ರೇಡಿಯಂಟ್ ಟೂಲ್ ಹಿಡಿದು ಚಿತ್ರದ ಮೇಲೆಯೇ ಗೆರೆ ಎಳೆದು, ಗೆರೆಯ ಮೇಲೆ ಬಣ್ಣದ ಬಿಂದುಗಳನ್ನು ಸೇರಿಸಬಹುದು. ಬಹಳ ಅನುಕೂಲ. ಆದರೆ ಟೂಲ್ ಆಪ್ಷನ್ಸ್‌ನಲ್ಲಿ ‘ಮಾಡಿಫೈ ಆ್ಯಕ್ಟಿವ್ ಗ್ರೇಡಿಯಂಟ್’ಗೆ ಟಿಕ್ ಇಲ್ಲದಿದ್ದರೆ ನೀವು ಮಾಡಿದ ಬದಲಾವಣೆಯೆಲ್ಲ ಪಟ್ಟಿಯ ಮೇಲ್ತುದಿಯಲ್ಲಿರುವ ‘ಕಸ್ಟಮ್’ ಎಂಬುದಕ್ಕೆ ಹೋಗುತ್ತದೆ. ಅದು ಸ್ಲೇಟು ಇದ್ದ ಹಾಗೆ. ಮುಂದಿನ ಸಲ ಚಿತ್ರದ ಮೇಲೆ ಬಿಂದು ಎಳೆದ ಕೂಡಲೇ ಹಿಂದಿನದು ಅಳಿಸಿಹೋಗುತ್ತದೆ. ಕಸ್ಟಮ್‌ಗೆ ಹೆಸರಿಡಲೂ ಆಗದು. ಬಣ್ಣ ಕೂಡಿಬಂದ ಕ್ಷಣ ಕಸ್ಟಮ್ ಆರಿಸಿ ಡುಪ್ಲಿಕೇಟ್ ಒತ್ತಿ. ಆ ಪ್ರತಿ ನಿಮ್ಮದು, ಅದಕ್ಕೆ ಹೆಸರು ಕೊಡಿ.

ಟಿಕ್ ಇದ್ದರೆ ಇದರ ಉಲ್ಟಾ ಅಪಾಯ. ಒಂದು ಲಗ್ನಪತ್ರಿಕೆಗೆಂದು ಸ್ವಲ್ಪ ತಿಳಿ ಮಾಡಿದ ಚಿನ್ನದ ಬಣ್ಣ ನಿಮ್ಮ ಮೂಲ ಗ್ರೇಡಿಯಂಟನ್ನೇ ತಿಳಿ ಮಾಡಿಬಿಡುತ್ತದೆ. ನಮ್ಮ ಸಲಹೆ: ಟಿಕ್ ತೆಗೆದೇ ಇಟ್ಟಿರಿ, ಡುಪ್ಲಿಕೇಟ್ ಅಭ್ಯಾಸ ಮಾಡಿಕೊಳ್ಳಿ.

ಹೆಸರು ಹೇಗಿರಬೇಕು

ಪಟ್ಟಿಯ ಕ್ರಮ ಗೊತ್ತಿದ್ದರೆ ಹೆಸರಿಡುವುದು ಸುಲಭ. ಎಲ್ಲಕ್ಕಿಂತ ಮೇಲೆ ಗಿಂಪ್‌ನ ಒಳಗಿನವು (ಫೋರ್‌ಗ್ರೌಂಡಿನಿಂದ ಬ್ಯಾಕ್‌ಗ್ರೌಂಡಿಗೆ ಹೋಗುವಂಥವು), ಅದರ ಕೆಳಗೆ ನಿಮ್ಮವು ಅಕಾರಾದಿಯಾಗಿ, ಕೊನೆಗೆ ಜೊತೆಗೆ ಬಂದವು ಅಕಾರಾದಿಯಾಗಿ. ನಿಮ್ಮವು ತಾವಾಗಿಯೇ ಮೇಲೆ ಬರುವುದರಿಂದ ಹೆಸರಿನ ಮುಂದೆ ನಕ್ಷತ್ರ, ಅಡಿಗೆರೆ ಅಂಟಿಸುವ ಅಗತ್ಯವಿಲ್ಲ.

ಅಕಾರಾದಿ ಎಂದ ಮೇಲೆ ಮೊದಲ ಪದವೇ ಮುಖ್ಯ. ಡೈಲಾಗ್ ಕಿರಿದಾಗಿದ್ದಾಗ ಕಣ್ಣಿಗೆ ಬೀಳುವುದೂ ಅದೇ. ‘ಆಗುಂಬೆ ಸಂಜೆ’, ‘ಕೊಡಚಾದ್ರಿ ಸಂಜೆ’ ಎಂದಿಟ್ಟರೆ ಎರಡು ಸಂಜೆಗಳು ಪಟ್ಟಿಯ ಎರಡು ತುದಿಗೆ ಹೋಗುತ್ತವೆ. ‘ಸಂಜೆ ಆಗುಂಬೆ’, ‘ಸಂಜೆ ಕೊಡಚಾದ್ರಿ’ ಎಂದಿಟ್ಟರೆ ಪಕ್ಕಪಕ್ಕ ಕೂರುತ್ತವೆ. ಕೆಲಸದ ಹೊತ್ತಿನಲ್ಲಿ ಮನಸ್ಸು ಹುಡುಕುವುದು ‘ಒಂದು ಸಂಜೆ ಬೇಕು’ ಎಂದೇ ಹೊರತು ‘ಆಗುಂಬೆಯದ್ದು ಏನಾದರೂ ಬೇಕು’ ಎಂದಲ್ಲ. ಆದ್ದರಿಂದ ಬಗೆ ಮೊದಲು, ಊರು ಆಮೇಲೆ, ಕೊನೆಗೆ ಎಡದಿಂದ ಬಲಕ್ಕೆ ಬಣ್ಣ: ‘ಸಂಜೆ ಆಗುಂಬೆ ಕಿತ್ತಳೆ-ನೇರಳೆ’, ‘ಅಡಿಕೆ ಹಸಿರು-ಹಣ್ಣು’, ‘ಹಸೆ ಕೆಮ್ಮಣ್ಣು-ಬಿಳಿ’.

ದಿಕ್ಕನ್ನು ಹೆಸರಿನಲ್ಲಿ ಬರೆಯುವುದು ಅತಿ ಎನಿಸಬಹುದು. ಆದರೆ ‘ಕಿತ್ತಳೆ-ನೇರಳೆ’ ಎಂದಿದ್ದರೆ ಗೆರೆಯನ್ನು ದಿಗಂತದಿಂದ ಮೇಲಕ್ಕೆ ಎಳೆಯಬೇಕು ಎಂದು ಪ್ರಿವ್ಯೂ ನೋಡದೆಯೂ ತಿಳಿಯುತ್ತದೆ. ಉಲ್ಟಾ ಬೇಕಾದರೆ ಟೂಲ್ ಆಪ್ಷನ್ಸ್‌ನಲ್ಲಿ ರಿವರ್ಸ್ ಬಟನ್ ಇದೆ. ಉಲ್ಟಾ ಗ್ರೇಡಿಯಂಟನ್ನು ಬೇರೆಯಾಗಿ ಮಾಡಿಡುವುದು ಶುದ್ಧ ದಂಡ.

ಇನ್ನೆರಡು ಗುರುತು ಸೇರಿಸಿಕೊಳ್ಳಿ. ಪಾರದರ್ಶಕ ತುದಿ ಇರುವುದಕ್ಕೆ ಕೊನೆಯಲ್ಲಿ ‘ಪಾ’. ಫೋರ್‌ಗ್ರೌಂಡ್ ಅಥವಾ ಬ್ಯಾಕ್‌ಗ್ರೌಂಡ್ ಬಣ್ಣವನ್ನು ಅನುಸರಿಸಿ ಬದಲಾಗುವುದಕ್ಕೆ ‘ಚಲ’. ಈ ಚಲ ಗ್ರೇಡಿಯಂಟ್‌ಗಳು ನಿನ್ನೆ ಹಸಿರಿದ್ದವು ಇಂದು ಕೆಂಪಾಗಿ ಕಂಡು, ಫೈಲ್ ಕೆಟ್ಟಿತೇನೋ ಎಂದು ಹೆದರಿಸುತ್ತವೆ. ಕೆಟ್ಟಿರುವುದಿಲ್ಲ, ಟೂಲ್‌ಬಾಕ್ಸಿನ ಬಣ್ಣ ಬದಲಾಗಿರುತ್ತದೆ ಅಷ್ಟೇ.

ಸಂಖ್ಯೆ ಹಾಕುವುದಾದರೆ 01, 02 ಎಂದೇ ಹಾಕಿ. ಬರೀ 1, 2 ಎಂದರೆ 10 ಬಂದು 2ರ ಮುಂದೆ ಕೂರುತ್ತದೆ. ‘ಚೆಂದದ್ದು’, ‘ಫೈನಲ್’, ‘ಹೊಸ ಫೈನಲ್’ ಎಂಬ ಹೆಸರುಗಳ ಆಯುಷ್ಯ ಒಂದು ವಾರ.

ಕನ್ನಡದಲ್ಲಿ ಬರೆಯುವಾಗ

ಕನ್ನಡದ ಹೆಸರಿಗೆ ಗಿಂಪ್‌ನಲ್ಲಿ ಅಡ್ಡಿಯೇನೂ ಇಲ್ಲ, ಯೂನಿಕೋಡ್ ಆಗಿರಬೇಕು ಅಷ್ಟೇ. ಡಿಟಿಪಿ ಅಂಗಡಿಗಳಲ್ಲಿ ನುಡಿ ಅಥವಾ ಬರಹದ ಹಳೆಯ ಆಸ್ಕಿ ವಿಧಾನ ಇನ್ನೂ ಓಡುತ್ತಿರುತ್ತದೆ. ಅದೇ ವಿಧಾನದಲ್ಲಿ ಹೆಸರು ಟೈಪ್ ಮಾಡಿದರೆ ಪಟ್ಟಿಯಲ್ಲಿ ಕಾಣುವುದು ಸೊಟ್ಟ ಇಂಗ್ಲಿಷ್ ಅಕ್ಷರಗಳ ಸಂತೆ. ಡೈಲಾಗ್‌ನಲ್ಲಿ ಫಾಂಟ್ ಬದಲಿಸಿ ಸರಿಪಡಿಸಲು ಬರುವುದಿಲ್ಲ. ಕೀಲಿಮಣೆಯನ್ನು ಯೂನಿಕೋಡ್‌ಗೆ ತಂದು ಮತ್ತೆ ಟೈಪ್ ಮಾಡುವುದೊಂದೇ ದಾರಿ. ಅಕ್ಷರದ ಬದಲು ಬರೀ ಚೌಕ ಕಂಡರೆ ಅದು ಬೇರೆ ರೋಗ: ಕಂಪ್ಯೂಟರಿನಲ್ಲಿ ಕನ್ನಡದ ಯೂನಿಕೋಡ್ ಫಾಂಟ್ ಇಲ್ಲ. ನೋಟೋ ಸಾನ್ಸ್ ಕನ್ನಡ ಹಾಕಿಕೊಂಡರೆ ಸರಿಹೋಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಕಾಗುಣಿತ. ಒಬ್ಬರು ‘ಅಡಿಕೆ’, ಇನ್ನೊಬ್ಬರು ‘ಅಡಕೆ’. ಒಬ್ಬರು ‘ಜೋಗ’, ಇನ್ನೊಬ್ಬರು ‘ಜೋಗ್’. ಮನುಷ್ಯರಿಗೆ ಒಂದೇ, ಗಿಂಪ್‌ಗೆ ಬೇರೆ ಬೇರೆ. ‘ಫ್ಲೆಕ್ಸ್‌ಗೆ’ ಎನ್ನುವಾಗ ‘ಸ್’ ಮತ್ತು ‘ಗೆ’ ನಡುವೆ ಒತ್ತು ಬಾರದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ. ಹೀಗೆ ಬರವಣಿಗೆ ಬೇರೆಯಾದರೆ ಒಂದೇ ಪದಕ್ಕೆ ಎರಡು ಟ್ಯಾಗ್‌ಗಳು (ಹುಡುಕಲೆಂದು ಗ್ರೇಡಿಯಂಟ್‌ಗೆ ಅಂಟಿಸುವ ಗುರುತಿನ ಪದಗಳು) ಹುಟ್ಟಿ, ಹುಡುಕಿದಾಗ ಅರ್ಧ ಗ್ರೇಡಿಯಂಟ್‌ಗಳು ಮಾತ್ರ ಸಿಗುತ್ತವೆ. ಆದ್ದರಿಂದ ಟ್ಯಾಗ್‌ಗೆ ಅರ್ಧಾಕ್ಷರದಲ್ಲಿ ಮುಗಿಯದ ಪದಗಳನ್ನೇ ಆರಿಸಿ: ಹಬ್ಬ, ಮದುವೆ, ಮಳೆ, ಅಡಿಕೆ, ಹಸೆ. ಹತ್ತು ಹದಿನೈದು ಪದ ಸಾಕು. ಒಂದು ಕಾಗದದಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ.

ಮೊದಲು ಸಬ್‌ಫೋಲ್ಡರ್, ಆಮೇಲೆ ಟ್ಯಾಗ್

ಗ್ರೇಡಿಯಂಟ್ಸ್ ಫೋಲ್ಡರಿನೊಳಗೆ ನೀವು ಸಬ್‌ಫೋಲ್ಡರ್ ಮಾಡಿದರೆ ಗಿಂಪ್ ಅದರೊಳಗಿನದನ್ನೂ ಓದುತ್ತದೆ. ಅಷ್ಟೇ ಅಲ್ಲ, ಫೋಲ್ಡರಿನ ಹೆಸರನ್ನೇ ಟ್ಯಾಗ್ ಆಗಿ ಅಂಟಿಸುತ್ತದೆ. ‘ಹಬ್ಬ’ದೊಳಗೆ ‘ಜಾತ್ರೆ’ ಎಂಬ ಇನ್ನೊಂದು ಫೋಲ್ಡರ್ ಮಾಡಿ ಅಲ್ಲಿ ಗ್ರೇಡಿಯಂಟ್ ಇಟ್ಟರೆ ಎರಡೂ ಟ್ಯಾಗ್ ಸಿಗುತ್ತವೆ. ಡೈಲಾಗ್‌ನ ಮೇಲಿನ ಫಿಲ್ಟರ್ ಪೆಟ್ಟಿಗೆಯಲ್ಲಿ ‘ಜಾತ್ರೆ’ ಎಂದರೆ ಅವಷ್ಟೇ ಉಳಿಯುತ್ತವೆ.

ಕೆಳಗಿನ ಪೆಟ್ಟಿಗೆಯಲ್ಲಿ ನೀವೇ ಟ್ಯಾಗ್ ಬರೆಯಬಹುದು, ಅಲ್ಪವಿರಾಮ ಹಾಕಿ ಎಷ್ಟಾದರೂ. ಫಿಲ್ಟರ್‌ನಲ್ಲಿ ಎರಡು ಟ್ಯಾಗ್ ಹಾಕಿದರೆ ಎರಡೂ ಇರುವವು ಮಾತ್ರ ಕಾಣುತ್ತವೆ. ಮೇಲಿನ ಪೆಟ್ಟಿಗೆ ಹುಡುಕಲು, ಕೆಳಗಿನದು ಅಂಟಿಸಲು. ಇವೆರಡನ್ನು ಅದಲುಬದಲು ಮಾಡಿ ‘ಗ್ರೇಡಿಯಂಟ್ ಎಲ್ಲ ಮಾಯವಾಯಿತು’ ಎನ್ನುವುದು ಹೊಸಬರ ಮೊದಲ ದೂರು. ಮೇಲಿನ ಪೆಟ್ಟಿಗೆ ಖಾಲಿ ಮಾಡಿದರೆ ಎಲ್ಲವೂ ವಾಪಸ್ಸು.

ಹಾಗಾದರೆ ಫೋಲ್ಡರ್ ಯಾಕೆ ಮೊದಲು? ಕೈಯಿಂದ ಬರೆದ ಟ್ಯಾಗ್‌ಗಳು ಗ್ರೇಡಿಯಂಟ್ ಫೈಲಿನೊಳಗೆ ಹೋಗುವುದಿಲ್ಲ. ಅವು ಗಿಂಪ್‌ನ ಫೋಲ್ಡರಿನಲ್ಲಿರುವ ‘ಟ್ಯಾಗ್ಸ್’ ಎಂಬ ಎಕ್ಸ್‌ಎಂಎಲ್ ಫೈಲಿಗೆ ಹೋಗುತ್ತವೆ, ಅದೂ ಗಿಂಪ್ ಮುಚ್ಚುವ ಹೊತ್ತಿಗೆ. ಆಷಾಢದ ಗಾಳಿ ಮಳೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಅವತ್ತಿನ ಟ್ಯಾಗ್ ಅಷ್ಟೂ ಹೋಯಿತು. ಗ್ರೇಡಿಯಂಟ್ ಉಳಿದಿರುತ್ತದೆ, ಟ್ಯಾಗ್ ಇರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಫೈಲ್ ಕೊಟ್ಟರೂ ಟ್ಯಾಗ್ ಜೊತೆಗೆ ಹೋಗದು. ಫೋಲ್ಡರಿನ ಹೆಸರಿಗೆ ಈ ಎರಡು ತೊಂದರೆಯೂ ಇಲ್ಲ. ಮುಖ್ಯ ವಿಂಗಡಣೆ ಫೋಲ್ಡರಿನಲ್ಲಿರಲಿ, ಅಡ್ಡ ವಿಂಗಡಣೆ ಟ್ಯಾಗ್‌ನಲ್ಲಿರಲಿ. ಮಳೆಗಾಲದಲ್ಲಂತೂ ಇಪ್ಪತ್ತು ಟ್ಯಾಗ್ ಹಾಕಿದ ಮೇಲೆ ಗಿಂಪನ್ನು ಒಮ್ಮೆ ಮುಚ್ಚಿ ತೆರೆಯಿರಿ.

ಹೊಸ ಗ್ರೇಡಿಯಂಟ್‌ಗಳು ಯಾವಾಗಲೂ ಮೇಲಿನ ಫೋಲ್ಡರಿನಲ್ಲೇ ಹುಟ್ಟುತ್ತವೆ, ಸಬ್‌ಫೋಲ್ಡರಿಗೆ ನೀವೇ ಸರಿಸಬೇಕು. ಗಿಂಪ್ ಮುಚ್ಚಿ ಸರಿಸಿ. ಸರಿಸಿದಾಗ ಹಳೆಯ ಟ್ಯಾಗ್ ಕಳೆಯುತ್ತದೆಯೇ? ಇಲ್ಲ. ಫೈಲಿನ ಜಾಗ ಸಿಗದಿದ್ದರೆ ಗಿಂಪ್ ಬಣ್ಣಗಳ ಮೊತ್ತದಿಂದ ತೆಗೆದ ಒಂದು ಗುರುತನ್ನು ನೋಡಿ ‘ಇದು ಅದೇ’ ಎಂದು ಹಿಡಿಯುತ್ತದೆ. ಆದರೆ ಒಂದೇ ಸಲ ಜಾಗವನ್ನೂ ಬಣ್ಣವನ್ನೂ ಬದಲಿಸಿದರೆ ಎರಡು ಸುಳಿವೂ ತಪ್ಪಿ ಟ್ಯಾಗ್ ಬಿದ್ದುಹೋಗುತ್ತದೆ. ಇವತ್ತು ಸರಿಸಿ, ಗಿಂಪ್ ಒಮ್ಮೆ ತೆರೆದು ಮುಚ್ಚಿ, ಬಣ್ಣ ಆಮೇಲೆ ತಿದ್ದಿ.

ಫೈಲಿನ ಹೊಟ್ಟೆಯೊಳಗೆ

ಜಿಜಿಆರ್ ಫೈಲ್ ಸಾದಾ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ಮೊದಲ ಸಾಲಿನಲ್ಲಿ ಇಂಗ್ಲಿಷಿನಲ್ಲಿ ‘ಗಿಂಪ್ ಗ್ರೇಡಿಯಂಟ್’, ಎರಡನೆಯದರಲ್ಲಿ ‘ನೇಮ್’, ಕೋಲನ್, ಒಂದು ಖಾಲಿ ಜಾಗ, ಆಮೇಲೆ ಹೆಸರು. ಮೂರನೆಯದು ಎಷ್ಟು ತುಂಡು ಎಂಬ ಸಂಖ್ಯೆ. ನಂತರ ತುಂಡಿಗೊಂದು ಸಾಲು, ಪ್ರತಿ ಸಾಲಿನಲ್ಲಿ 15 ಸಂಖ್ಯೆ.

ಹಸಿರು ಅಡಿಕೆ ಹಣ್ಣಾಗಿ ಕೆಂಪಡರುವ ಗ್ರೇಡಿಯಂಟ್ ತೆಗೆದುಕೊಳ್ಳೋಣ. ಎರಡು ತುಂಡು:

0.000 0.275 0.550 0.243 0.431 0.188 1 0.886 0.588 0.157 1 0 0 0 0
0.550 0.775 1.000 0.886 0.588 0.157 1 0.769 0.282 0.110 1 0 0 0 0

ಮೊದಲ ಮೂರು ಸಂಖ್ಯೆ ಆ ತುಂಡಿನ ಎಡತುದಿ, ನಡು, ಬಲತುದಿ. ಮುಂದಿನ ನಾಲ್ಕು ಎಡತುದಿಯ ಕೆಂಪು, ಹಸಿರು, ನೀಲಿ ಮತ್ತು ಅಪಾರದರ್ಶಕತೆ. ಆಮೇಲಿನ ನಾಲ್ಕು ಬಲತುದಿಯದ್ದು. ಬಣ್ಣ ಇಲ್ಲಿ 0ರಿಂದ 1ರವರೆಗೆ. ಕಲರ್ ಪಿಕರ್‌ನಲ್ಲಿ 62, 110, 48 ಎಂದು ಕಂಡದ್ದನ್ನು 255ರಿಂದ ಭಾಗಿಸಿದರೆ 0.243, 0.431, 0.188. ಹನ್ನೆರಡನೆಯದು ಬೆರಕೆಯ ರೀತಿ: 0 ನೇರ, 1 ವಕ್ರ, 2 ಅಲೆಯಂತೆ, 3 ಮತ್ತು 4 ಗೋಳದಂತೆ, 5 ಮೆಟ್ಟಿಲು. ಹದಿಮೂರನೆಯದು ಬಣ್ಣದ ದಾರಿ: 0 ಎಂದರೆ ಆರ್‌ಜಿಬಿ, 1 ಮತ್ತು 2 ಎಂದರೆ ಬಣ್ಣದ ಚಕ್ರವನ್ನು ಒಂದೊಂದು ದಿಕ್ಕಿಗೆ ಸುತ್ತುವ ಎಚ್‌ಎಸ್‌ವಿ. ಕೊನೆಯ ಎರಡು, ತುದಿಗಳು ಸ್ಥಿರವೋ ಚಲವೋ ಎಂಬುದು. 0 ಇದ್ದರೆ ಸ್ಥಿರ.

ಇದನ್ನು ಓದಲು ಬಂದರೆ ಹೆಸರಿನ ಜೊತೆಗೆ ಕೆಲವು ದೋಷಗಳನ್ನೂ ಹಿಡಿಯಬಹುದು. ಮೇಲಿನ ಅಡಿಕೆಯ ನಡುಭಾಗ ಕೆಸರು ಕಂದು ಎನಿಸಿದರೆ ಮೊದಲ ತುಂಡಿನ ಹದಿಮೂರನೇ ಸಂಖ್ಯೆಯನ್ನು 2 ಮಾಡಿ. ಹಸಿರಿನಿಂದ ಹಳದಿಯ ಮೂಲಕ ಕಿತ್ತಳೆಗೆ ಬರುತ್ತದೆ, ಮರದಲ್ಲಿ ಅಡಿಕೆ ಹಣ್ಣಾಗುವ ಹಾಗೆಯೇ. 1 ಹಾಕಿದರೆ ಉಲ್ಟಾ ದಿಕ್ಕು ಹಿಡಿದು ನೀಲಿ, ನೇರಳೆ, ಕೆಂಪು ಎಲ್ಲ ಸುತ್ತಿ ಬರುತ್ತದೆ. ಅಂಥ ಅಡಿಕೆಯನ್ನು ಯಾವ ಮಂಡಿಯವರೂ ಕೊಳ್ಳರು.

ಮಂಜಿನ ಗ್ರೇಡಿಯಂಟ್‌ನಲ್ಲಿ ಆಗುವ ತಪ್ಪು ಇನ್ನೊಂದು. ಬಿಳಿಯಿಂದ ಪಾರದರ್ಶಕಕ್ಕೆ ಹೋಗುವಾಗ ಬಲತುದಿ 0 0 0 0 ಎಂದಿದ್ದರೆ ಅದು ಪಾರದರ್ಶಕ ಕಪ್ಪು. ನಡುವಿನಲ್ಲಿ ಬೂದು ಬಣ್ಣ ಇಣುಕಿ, ಜೋಗದ ಮಂಜು ಒಲೆಯ ಹೊಗೆಯಂತೆ ಕಾಣುತ್ತದೆ. 1 1 1 0 ಎಂದು ತಿದ್ದಿ, ಅಂದರೆ ಬಿಳಿಯೇ, ಪಾರದರ್ಶಕವಾಗಿ. ದೊಡ್ಡ ಫ್ಲೆಕ್ಸ್‌ನಲ್ಲಿ ಮಂಜು ಪಟ್ಟೆಪಟ್ಟೆಯಾಗಿ ಕಂಡರೆ ಅದು ಫೈಲಿನ ತಪ್ಪಲ್ಲ. ಗ್ರೇಡಿಯಂಟ್ ಟೂಲ್‌ನ ಡಿದರಿಂಗ್‌ಗೆ ಟಿಕ್ ಇದೆಯೇ ನೋಡಿ.

ಸಾಗರದ ಕಡೆಯ ಹಸೆ ಚಿತ್ತಾರದ ಅಂಚಿಗೆ ಬಣ್ಣ ಕರಗಬಾರದು, ಕೆಮ್ಮಣ್ಣು ಮುಗಿದಲ್ಲಿ ಅಕ್ಕಿಹಿಟ್ಟಿನ ಬಿಳಿ ಥಟ್ಟನೆ ಶುರುವಾಗಬೇಕು. ಅದಕ್ಕೆ ಬೆರಕೆ 5, ಅಂದರೆ ಮೆಟ್ಟಿಲು. ಇದು 2.10ರಲ್ಲಿ ಬಂದದ್ದು, ಹಳೆಯ 2.8ಕ್ಕೆ ಗೊತ್ತಿಲ್ಲ. ಅಂಥ ಕಂಪ್ಯೂಟರಿಗೆ ಫೈಲ್ ಕೊಡುವಾಗ ನೆನಪಿರಲಿ.

ಕೈಯಿಂದ ತಿದ್ದುವಾಗ ಮೂರು ನಿಯಮ ಮೀರಬೇಡಿ. ಮೊದಲ ತುಂಡು 0ರಿಂದ ಶುರುವಾಗಬೇಕು, ಕೊನೆಯದು 1ಕ್ಕೆ ಮುಗಿಯಬೇಕು. ಒಂದರ ಬಲತುದಿಯೇ ಮುಂದಿನದರ ಎಡತುದಿ ಆಗಿರಬೇಕು. ಮೂರನೇ ಸಾಲಿನ ಸಂಖ್ಯೆ ತುಂಡುಗಳ ಲೆಕ್ಕಕ್ಕೆ ತಾಳೆಯಾಗಬೇಕು. ತಪ್ಪಿದರೆ ಗಿಂಪ್ ಎರರ್ ಕೊಟ್ಟು ಫೈಲನ್ನೇ ಬಿಟ್ಟುಬಿಡುತ್ತದೆ. ಅಂಕಿಗಳೂ ಇಂಗ್ಲಿಷ್ ಅಂಕಿಗಳೇ ಇರಲಿ. ಕನ್ನಡ ಅಂಕಿ ಹೆಸರಿನಲ್ಲಿ ನಡೆಯುತ್ತದೆ, ಲೆಕ್ಕದಲ್ಲಿ ನಡೆಯದು.

ಹತ್ತಾರು ಹೆಸರು ಒಟ್ಟಿಗೆ ಬದಲಿಸುವುದು

ಗಿಂಪ್‌ನಲ್ಲಿ ಇದಕ್ಕೆ ಸೌಕರ್ಯವಿಲ್ಲ, ಹೊರಗೆ ಮಾಡಬೇಕು.

ಮೊದಲು ಗಿಂಪ್ ಮುಚ್ಚಿ. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಗಿಂಪ್ ತೆರೆದಿದ್ದು, ಅದರೊಳಗೆ ಅದೇ ಗ್ರೇಡಿಯಂಟ್‌ನ ಅರೆಬರೆ ಬದಲಾವಣೆ ಕೂತಿದ್ದರೆ, ರಿಫ್ರೆಶ್ ಒತ್ತಿದಾಗ ಅದು ಮೊದಲು ತನ್ನಲ್ಲಿರುವುದನ್ನು ಫೈಲಿಗೆ ಬರೆಯುತ್ತದೆ. ನೀವು ಹೊರಗೆ ತಿದ್ದಿದ್ದು ಅಳಿಸಿಹೋಗುತ್ತದೆ.

ಗ್ರೇಡಿಯಂಟ್ಸ್ ಫೋಲ್ಡರಿನ ಒಂದು ಪ್ರತಿ ಡೆಸ್ಕ್‌ಟಾಪ್‌ಗೆ ಎಳೆದಿಡಿ. ಆಮೇಲೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ‘ಫೈಂಡ್ ಇನ್ ಫೈಲ್ಸ್’ ತೆರೆದು, ‘ಮದುವೆ’ ಫೋಲ್ಡರನ್ನು ತೋರಿಸಿ, ‘ನೇಮ್’ ಕೋಲನ್ ಖಾಲಿ ಜಾಗ ಎಂಬುದನ್ನು ಹುಡುಕಿ ಅದೇ ಜೊತೆಗೆ ‘ಮದುವೆ ’ ಸೇರಿಸಿದ್ದರಿಂದ ಬದಲಿಸಿ. ‘ರಿಪ್ಲೇಸ್ ಇನ್ ಫೈಲ್ಸ್’ ಒತ್ತುವ ಮೊದಲು ಜಿಜಿಆರ್ ಫೈಲುಗಳಿಗೆ ಮಾತ್ರ ಎಂದು ಫಿಲ್ಟರ್ ಹಾಕಿ. ಆ ಫೋಲ್ಡರಿನ ಪ್ರತಿಯೊಂದರ ಮುಂದೆಯೂ ‘ಮದುವೆ’ ಬಂದು ಕೂರುತ್ತದೆ.

ಸೇವ್ ಆಗುವ ವಿಧಾನ ಬಿಓಎಂ ಇಲ್ಲದ ಯುಟಿಎಫ್-8 ಆಗಿರಬೇಕು. ಬಿಓಎಂ ಎಂದರೆ ಫೈಲಿನ ಮೊದಲಲ್ಲಿ ಕೂರುವ ಕಾಣದ ಗುರುತು. ಅದಿದ್ದರೆ ಮೊದಲ ಸಾಲು ‘ಗಿಂಪ್ ಗ್ರೇಡಿಯಂಟ್’ ಎಂದು ಗಿಂಪ್‌ಗೆ ಓದಿಸುವುದೇ ಇಲ್ಲ, ‘ಇದು ಗ್ರೇಡಿಯಂಟ್ ಫೈಲಲ್ಲ’ ಎನ್ನುತ್ತದೆ. ವಿಂಡೋಸ್ 10ರ 1903 ಆವೃತ್ತಿಗಿಂತ ಹಳೆಯ ನೋಟ್‌ಪ್ಯಾಡ್ ಯುಟಿಎಫ್-8 ಎಂದು ಆರಿಸಿದರೆ ಈ ಗುರುತನ್ನು ಕೇಳದೆಯೇ ಹಾಕುತ್ತಿತ್ತು. ಫೈಲ್ ಕಣ್ಣಿಗೆ ಸರಿಯಿದ್ದೂ ಪಟ್ಟಿಗೆ ಬಾರದಿದ್ದರೆ ಮೊದಲ ಅನುಮಾನ ಇದರ ಮೇಲೆ.

ಎರಡು ಕಂಪ್ಯೂಟರ್, ಒಂದೇ ಸಂಗ್ರಹ

ಪ್ರಿಫರೆನ್ಸಸ್‌ನ ಅದೇ ಗ್ರೇಡಿಯಂಟ್ಸ್ ಪುಟದಲ್ಲಿ ಹೊಸ ಫೋಲ್ಡರ್ ಸೇರಿಸಬಹುದು. ಅಂಗಡಿಯ ನೆಟ್‌ವರ್ಕಿನ ಒಂದು ಫೋಲ್ಡರನ್ನು ಎರಡೂ ಕಡೆ ಸೇರಿಸಿ. ಒಂದು ಕಂಪ್ಯೂಟರಿನಲ್ಲಿ ಮಾತ್ರ ‘ರೈಟೆಬಲ್’ಗೆ ಟಿಕ್ ಹಾಕಿ, ಇನ್ನೊಂದರಲ್ಲಿ ಬೇಡ. ಇಬ್ಬರೂ ಬರೆಯತೊಡಗಿದರೆ ಕೊನೆಗೆ ಮುಚ್ಚಿದವರದ್ದೇ ಉಳಿಯುತ್ತದೆ. ಬದಲಾವಣೆ ಜಾರಿಗೆ ಗಿಂಪ್ ಮುಚ್ಚಿ ತೆರೆಯಬೇಕು.

ಬ್ಯಾಕಪ್ ಎಂದರೆ ಎರಡು: ಗ್ರೇಡಿಯಂಟ್ಸ್ ಫೋಲ್ಡರ್ ಮತ್ತು ಟ್ಯಾಗ್ಸ್ ಫೈಲ್. ಫೈಲುಗಳು ಕೆಲವೇ ಕೆಬಿ, ಪೆನ್‌ಡ್ರೈವ್‌ಗೆ ಲೆಕ್ಕಕ್ಕಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

3.0 ಹಾಕಿಕೊಂಡವರು ಗಮನಿಸಬೇಕಾದದ್ದು: ಮೊದಲ ಸಲ ತೆರೆದಾಗ ಅದು 2.10ರ ಫೋಲ್ಡರನ್ನು ನಕಲು ಮಾಡಿಕೊಳ್ಳುತ್ತದೆ. ಅಲ್ಲಿಗೆ ಸಂಬಂಧ ಮುಗಿಯಿತು. ಆಮೇಲೆ 2.10ರಲ್ಲಿ ಇಟ್ಟ ಹೆಸರು 3.0ರಲ್ಲಿ ಕಾಣುವುದಿಲ್ಲ. ಆದ್ದರಿಂದ ಮೊದಲು 2.10ರಲ್ಲಿ ಗುಡಿಸಿ ಒರೆಸಿ, ಆಮೇಲೆ ಹೊಸ ಮನೆಗೆ ಹೋಗಿ.

ಬೇರೆ ತಂತ್ರಾಂಶದವರಿಗೆ

ಕ್ರಿತಾ ಜಿಜಿಆರ್ ಫೈಲುಗಳನ್ನು ನೇರವಾಗಿ ಓದುತ್ತದೆ, ಅದರಲ್ಲೂ ಟ್ಯಾಗ್ ವ್ಯವಸ್ಥೆ ಇದೆ. ಆದರೆ ಗಿಂಪ್‌ನ ಟ್ಯಾಗ್ ಅಲ್ಲಿಗೆ ಹೋಗದು. ಫೋಟೋಶಾಪ್‌ನಲ್ಲಿ ಗ್ರೇಡಿಯಂಟ್ಸ್ ಪ್ಯಾನೆಲ್ ತೆರೆದು ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಬದಲಿಸಬಹುದು, ಕೆಳಗಿನ ಫೋಲ್ಡರ್ ಚಿಹ್ನೆಯಿಂದ ಗುಂಪು ಮಾಡಬಹುದು. ಅದರ ಜಿಆರ್‌ಡಿ ಫೈಲನ್ನು ಗಿಂಪ್ 2.10 ಓದುವುದಿಲ್ಲ. ಎಕ್ಸ್‌ಟೆನ್ಶನ್ ಬದಲಿಸಿ ಮೋಸ ಮಾಡಲು ನೋಡಬೇಡಿ, ಒಳಗಿನ ರಚನೆಯೇ ಬೇರೆ. ಇಂಕ್‌ಸ್ಕೇಪ್‌ನಲ್ಲಿ ಮಾಡಿದ ಗ್ರೇಡಿಯಂಟ್ ಇರುವ ಎಸ್‌ವಿಜಿಯನ್ನು ಗ್ರೇಡಿಯಂಟ್ಸ್ ಫೋಲ್ಡರಿಗೆ ಹಾಕಿದರೆ ಗಿಂಪ್ ಅದರೊಳಗಿನ ಪ್ರತಿ ಗ್ರೇಡಿಯಂಟನ್ನೂ ಪಟ್ಟಿಗೆ ತರುತ್ತದೆ. ಅಲ್ಲಿ ಕಾಣುವ ಹೆಸರು ಇಂಕ್‌ಸ್ಕೇಪ್ ಕೊಟ್ಟ ಐಡಿ. ಇವಕ್ಕೆ ನೇರವಾಗಿ ಹೆಸರಿಡಲಾಗದು. ಬೇಕಾದದ್ದನ್ನು ಡುಪ್ಲಿಕೇಟ್ ಮಾಡಿ ಹೆಸರಿಟ್ಟು, ಎಸ್‌ವಿಜಿ ಫೈಲನ್ನು ಫೋಲ್ಡರಿನಿಂದ ಹೊರಗೆ ತೆಗೆದು ರಿಫ್ರೆಶ್ ಒತ್ತಿ.

ಗಿರಾಕಿಗೆ ತೋರಿಸುವ ಹಾಳೆ

ಸಂಗ್ರಹ ಒಂದು ಹದಕ್ಕೆ ಬಂದ ಮೇಲೆ, ಗ್ರೇಡಿಯಂಟ್ ಮೇಲೆ ಬಲ ಕ್ಲಿಕ್ ಮಾಡಿ ‘ಕಸ್ಟಮ್ ಗ್ರೇಡಿಯಂಟ್’ ಆರಿಸಿದರೆ ಅಗಲ, ಎತ್ತರ ಕೇಳಿ ಆ ಬಣ್ಣ ತುಂಬಿದ ಚಿತ್ರ ಮಾಡಿಕೊಡುತ್ತದೆ. ಮೊದಲು ಹೇಳಿದ ‘ಕಸ್ಟಮ್’ಗೂ ಇದಕ್ಕೂ ಸಂಬಂಧವಿಲ್ಲ, ಹೆಸರಷ್ಟೇ ಒಂದು. 600ಕ್ಕೆ 80 ಪಿಕ್ಸೆಲ್ ಪಟ್ಟಿಗಳನ್ನು ಮಾಡಿ, ಒಂದರ ಕೆಳಗೊಂದು ಜೋಡಿಸಿ, ಪಕ್ಕದಲ್ಲಿ ಪಟ್ಟಿಯಲ್ಲಿರುವ ಹೆಸರನ್ನೇ ಅಕ್ಷರಶಃ ಬರೆಯಿರಿ. ನೀವು ಫ್ಲೆಕ್ಸ್ ಹೊಡೆಸುವ ಮೆಷಿನ್‌ನಲ್ಲೇ ಒಂದು ಪ್ರಿಂಟ್ ತೆಗೆಸಿ. ಪರದೆಯ ಮೇಲೆ ಉರಿಯುವ ಕಿತ್ತಳೆ ಫ್ಲೆಕ್ಸ್ ಮೇಲೆ ಎಷ್ಟು ಮಂಕಾಗುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಮಂಕಾದವುಗಳ ಹೆಸರಿನ ಕೊನೆಗೆ ‘ಪರದೆ’ ಎಂದು ಸೇರಿಸಿ, ಅವನ್ನು ಪ್ರಿಂಟ್ ಕೆಲಸದ ಫೋಲ್ಡರಿನಿಂದ ಆಚೆ ಇಡಿ.